ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಳ್ಳುವ ಮುನ್ನ ಕೇಳುವ ಪ್ರಶ್ನೆಗಳು ಮೊದಲಿಗಿವೆ, ಮನೆಗೆ ತಂದ ಮೇಲೆ ಏಳುವವು ಆಮೇಲೆ. ಕಂಪ್ಯೂಟರ್ ಕೆಟ್ಟು ಕೂತಿದ್ದರೆ ನೇರವಾಗಿ ‘ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ’ ಎಂಬಲ್ಲಿಗೆ ಹೋಗಿ. ಉಳಿದದ್ದನ್ನು ಸಾವಕಾಶವಾಗಿ ಓದಬಹುದು.

ಕೈಯಲ್ಲಿ ಮೊಬೈಲ್, ಚೀಲದಲ್ಲಿ ಲ್ಯಾಪ್‌ಟಾಪ್ ಇರುವಾಗ ಡೆಸ್ಕ್‌ಟಾಪ್ ಏಕೆ?

ಎಲ್ಲರಿಗೂ ಬೇಕಿಲ್ಲ. ಬಿಲ್ ಕಟ್ಟುವುದು, ನಾಲ್ಕು ಇಮೇಲ್ ನೋಡುವುದು, ಇಷ್ಟೇ ಕೆಲಸವಾದರೆ ಮೊಬೈಲ್ ಸಾಕು. ದಿನವೂ ಗಂಟೆಗಟ್ಟಲೆ ಕುಳಿತು ಬರೆಯುವವರು, ಲೆಕ್ಕಪತ್ರ ನೋಡುವವರು, ವಿಡಿಯೊ ತಿದ್ದುವವರು, ಒಂದೇ ಯಂತ್ರವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವವರು ಮಾತ್ರ ಡೆಸ್ಕ್‌ಟಾಪ್ ಕಡೆ ನೋಡಬೇಕು. ದೊಡ್ಡ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಇಟ್ಟುಕೊಂಡು, ಕೀಬೋರ್ಡನ್ನು ಕೈಗೆ ಹೊಂದುವಷ್ಟು ದೂರದಲ್ಲಿ ಇಟ್ಟುಕೊಂಡು ಕೆಲಸ ಮಾಡುವ ಸುಖ ಲ್ಯಾಪ್‌ಟಾಪಿನಲ್ಲಿ ಸಿಗುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಡೆಸ್ಕ್‌ಟಾಪಿನ ಮುಚ್ಚಳ ತೆಗೆಯಬಹುದು. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಇಂದು ಸಾಲದೆ ಬಂದದ್ದನ್ನು ನಾಳೆ ಸೇರಿಸಬಹುದು. ಈಚಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಅನ್ನು (ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು) ಮದರ್‌ಬೋರ್ಡಿಗೇ, ಅಂದರೆ ಎಲ್ಲ ಭಾಗಗಳೂ ಸೇರುವ ಮುಖ್ಯ ಹಲಗೆಗೇ, ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಕಂಪನಿಯ ಸಿದ್ಧ ಕಂಪ್ಯೂಟರ್ ಒಳ್ಳೆಯದೋ, ಬಿಡಿಭಾಗ ಜೋಡಿಸಿದ್ದು ಒಳ್ಳೆಯದೋ?

ಕೆಟ್ಟಾಗ ಒಂದೇ ಕಡೆ ದೂರು ಹೇಳಿ ಸುಮ್ಮನಿರಬೇಕು ಎನ್ನುವವರಿಗೆ ಸಿದ್ಧ ಕಂಪ್ಯೂಟರೇ ಸರಿ. ಆದರೆ ಕೊಳ್ಳುವ ಮುನ್ನ ಒಳಗೆ ಏನಿದೆ ಎಂದು ಕೇಳಿ ತಿಳಿದುಕೊಳ್ಳಿ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಮಾನದಂಡ ತಂದ ಮೇಲೆ ಮದರ್‌ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ, ಎಸ್‌ಎಂಪಿಎಸ್‌ನ (ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಆಕಾರ ಎಲ್ಲವೂ ಒಂದು ಕಟ್ಟಿಗೆ ಬಂದವು. ಯಾವ ಕಂಪನಿಯ ಕ್ಯಾಬಿನೆಟ್ಟಿಗೆ (ಹೊರಪೆಟ್ಟಿಗೆ) ಯಾವ ಕಂಪನಿಯ ಬೋರ್ಡ್ ಹಾಕಿದರೂ ಕೂರುತ್ತದೆ ಎನ್ನುವುದಕ್ಕೆ ಕಾರಣ ಇದೇ. ಹಲವು ಸಿದ್ಧ ಕಂಪ್ಯೂಟರ್‌ಗಳು ಈ ಕಟ್ಟನ್ನು ಮೀರಿ ತಮ್ಮದೇ ಆಕಾರದ ಎಸ್‌ಎಂಪಿಎಸ್, ತಮ್ಮದೇ ಕನೆಕ್ಟರ್ ಬಳಸುತ್ತವೆ. ವಾರಂಟಿ ಇರುವವರೆಗೆ ಇದು ಗೊತ್ತಾಗುವುದಿಲ್ಲ. ಮುಗಿದ ಮರುದಿನದಿಂದ ಅದೇ ಆಕಾರದ ಭಾಗ ಹುಡುಕಿಕೊಂಡು ಅಲೆಯಬೇಕು.

ಅಂಗೈಯಗಲದ ಮಿನಿ ಕಂಪ್ಯೂಟರ್‌ಗಳೂ ಬಂದಿವೆ. ಸದ್ದಿಲ್ಲ, ಕರೆಂಟ್ ಕಡಿಮೆ, ಮಾನಿಟರ್ ಹಿಂದೆ ಅಡಗಿಸಬಹುದು. ಬಹುತೇಕವುಗಳಲ್ಲಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ (ಕಡತಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್) ಬದಲಿಸಲು ಆಗುತ್ತದೆ, ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಬದಲಿಸಲು ಆಗುವುದಿಲ್ಲ. ಕಚೇರಿ ಕೆಲಸ, ಓದು, ವಿಡಿಯೊ ನೋಡುವುದು ಇವಿಷ್ಟಕ್ಕೇ ಆದರೆ ನಾನು ಇದನ್ನೇ ಸೂಚಿಸುತ್ತೇನೆ.

ಯಾವ ಪ್ರೊಸೆಸರ್ ತೆಗೆದುಕೊಳ್ಳಬೇಕು?

ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೆ, ಮನೆಬಳಕೆಯಲ್ಲಿ ಅತಿ ಕಡಿಮೆ ವ್ಯತ್ಯಾಸ ಕಾಣುವುದೂ ಇದರಲ್ಲೇ. ಇಂಟೆಲ್ ಆಗಲಿ ಎಎಂಡಿ ಆಗಲಿ, ಈಚಿನ ಪೀಳಿಗೆಯ ಮಧ್ಯಮ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ಸಾಮಾನ್ಯ ಕೆಲಸಕ್ಕೆ ಧಾರಾಳ. ಹೆಸರಿಗಿಂತ ಪೀಳಿಗೆ ನೋಡಿ: ‘ಐ7’ ಎಂಬ ಒಂದೇ ಚೀಟಿ ಅಂಟಿಸಿಕೊಂಡಿದ್ದರೂ ಹತ್ತು ವರ್ಷ ಹಳೆಯದನ್ನು ಈಚಿನ ‘ಐ3’ ಸುಲಭವಾಗಿ ಹಿಂದಿಕ್ಕುತ್ತದೆ. ಇಂಟೆಲ್‌ನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಮೂಡದು.

ರ್‍ಯಾಮ್ ಎಷ್ಟಿರಬೇಕು?

ಹೊಸದು ಕೊಳ್ಳುವುದಾದರೆ 16 ಜಿಬಿ. ಹಳೆಯದರಲ್ಲಿ 8 ಇದ್ದರೆ ಸಾಗುತ್ತದೆ. ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆದಿಡುವ ಅಭ್ಯಾಸವಿದ್ದರೆ ಏದುಸಿರು ಬಿಡುತ್ತದೆ. 4 ಜಿಬಿಯಲ್ಲಿ ವಿಂಡೋಸ್ 11 ಓಡುತ್ತದೆ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಓಡುತ್ತದೆ ಎನ್ನುವುದು ನಿಜ, ಅದರ ಮುಂದೆ ಕುಳಿತುಕೊಳ್ಳುವವರ ತಾಳ್ಮೆಯ ಮಾತು ಬೇರೆ.

16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ಹಾಕುವುದು ಮೇಲು. ಪ್ರೊಸೆಸರ್ ಎರಡನ್ನೂ ಒಟ್ಟೊಟ್ಟಿಗೆ ಓದುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಹಳೆಯ ಪೀಳಿಗೆಯ ಡಿಡಿಆರ್4 ಪಟ್ಟಿ ಹೊಸ ಪೀಳಿಗೆಯ ಡಿಡಿಆರ್5 ಸ್ಲಾಟಿಗೆ ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಕೂರದಿದ್ದರೆ ಒತ್ತಬೇಡಿ.

ಹಾರ್ಡ್ ಡಿಸ್ಕ್ ಸಾಕೇ, ಎಸ್‌ಎಸ್‌ಡಿ ಬೇಕೇ?

ಕಂಪ್ಯೂಟರನ್ನು ನಡೆಸುವ ವಿಂಡೋಸ್ ಅಥವಾ ಲಿನಕ್ಸ್ ಕೂರುವ ಜಾಗ ಎಸ್‌ಎಸ್‌ಡಿಯೇ ಆಗಿರಬೇಕು. ಇದರಲ್ಲಿ ಚೌಕಾಶಿಯಿಲ್ಲ.

ಕಾರಣ ಸರಳ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ತೋಳು ಅತ್ತಿತ್ತ ಓಡಾಡುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ತೋಳಿನ ಕೆಳಗೆ ಬರುವವರೆಗೆ ಕಾಯಲೇಬೇಕು. ವಿಂಡೋಸ್ ಏಳುವಾಗ ಹೀಗೆ ಸಾವಿರಾರು ಚಿಕ್ಕ ಕಡತಗಳನ್ನು ಬೇರೆ ಬೇರೆ ಕಡೆಯಿಂದ ಹೆಕ್ಕಬೇಕು. ಕಾಯುವಿಕೆಯೆಲ್ಲ ಕೂಡಿ ನಿಮಿಷಗಳಾಗುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ಬರೆದ ‘ಸೆಕೆಂಡಿಗೆ ಇಷ್ಟು ಎಂಬಿ’ ಎಂಬ ವೇಗ ನೋಡಿ ಮರುಳಾಗಬೇಕಿಲ್ಲ. ಸಾಟಾ ಎಂಬ ಹಳೆಯ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ ಎನ್‌ವಿಎಂಇ ಎಂಬ ಹೊಸ ಬಗೆಯದು 3500, 7000 ಎಂದು ಹೇಳಿಕೊಳ್ಳುತ್ತದೆ. ಮನೆಯ ಕೆಲಸದಲ್ಲಿ ಇವೆರಡರ ನಡುವೆ ಕಣ್ಣಿಗೆ ಕಾಣುವ ಅಂತರ ಸಣ್ಣದು. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಅಂತರ ಮಾತ್ರ ಅಗಾಧ.

ಎಂ.2 ಎಂಬುದು ಎಸ್‌ಎಸ್‌ಡಿಯ ಆಕಾರದ ಹೆಸರು ಮಾತ್ರ ಎಂಬುದು ನೆನಪಿರಲಿ. ಆ ಆಕಾರದಲ್ಲಿ ಸಾಟಾ ಬಗೆಯದೂ ಇದೆ, ಎನ್‌ವಿಎಂಇ ಬಗೆಯದೂ ಇದೆ. ನಿಮ್ಮ ಬೋರ್ಡ್ ಯಾವುದನ್ನು ಒಪ್ಪುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ.

ಹಾರ್ಡ್ ಡಿಸ್ಕಿನ ಕಾಲ ಮುಗಿದಿಲ್ಲ. ಫೋಟೊ, ವಿಡಿಯೊಗಳ ರಾಶಿ ಇಡಲು, ಬ್ಯಾಕಪ್ ತೆಗೆದು ಎತ್ತಿಡಲು ಅದೇ ಸೂಕ್ತ. ಎಸ್‌ಎಸ್‌ಡಿಯನ್ನು ವಿದ್ಯುತ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರೊಳಗಿನ ವಿದ್ಯುದಂಶ ಸೋರಿ ಮಾಹಿತಿ ಅಳಿಯುವ ಅಪಾಯವಿದೆ.

1 ಟಿಬಿ ಕೊಂಡರೆ 931 ಜಿಬಿ ಮಾತ್ರ ತೋರಿಸುತ್ತಿದೆ. ಮೋಸವೇ?

ಮೋಸವಲ್ಲ, ಎರಡು ಬಗೆಯ ಎಣಿಕೆ. ತಯಾರಕರಿಗೆ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಮಾತ್ರ 1024ರ ಲೆಕ್ಕದಲ್ಲಿ 1,07,37,41,824 ಬೈಟ್‌ಗಳನ್ನು ಒಂದು ಜಿಬಿ ಎನ್ನುತ್ತದೆ. ಭಾಗಿಸಿದರೆ 931 ಬರುತ್ತದೆ. ಒಂದೂ ಬೈಟ್ ಕಳೆದುಹೋಗಿಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕೇ?

ಆಟ, ವಿಡಿಯೊ ಸಂಕಲನ, ಮೂರು ಆಯಾಮದ ವಿನ್ಯಾಸ, ಮನೆಯಲ್ಲೇ ಎಐ ಮಾದರಿ ಓಡಿಸುವ ಹುಚ್ಚು, ಇವುಗಳಲ್ಲಿ ಒಂದಿದ್ದರೆ ಬೇಕು. ಇಲ್ಲದಿದ್ದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ 4ಕೆ ವಿಡಿಯೊ ತೋರಿಸುತ್ತದೆ, ಎರಡು ಮಾನಿಟರ್ ಓಡಿಸುತ್ತದೆ.

ಕಾರ್ಡ್ ಹಾಕಿಸಿದವರು ಮಾನಿಟರಿನ ಕೇಬಲ್ ಎಲ್ಲಿ ಚುಚ್ಚಿದೆ ಎಂದು ಒಮ್ಮೆ ಬಗ್ಗಿ ನೋಡಿ. ಕ್ಯಾಬಿನೆಟ್ ಹಿಂಬದಿಯಲ್ಲಿ ಮೇಲಿನ ಗುಂಪು ಮದರ್‌ಬೋರ್ಡಿನದು, ಕೆಳಗೆ ಅಡ್ಡಡ್ಡ ಇರುವ ಗುಂಪು ಕಾರ್ಡಿನದು. ಮೇಲಿನದಕ್ಕೆ ಚುಚ್ಚಿ, ದುಬಾರಿ ಕಾರ್ಡನ್ನು ಸುಮ್ಮನೆ ಕೂರಿಸಿ, ಆಟ ತಡವರಿಸುತ್ತದೆ ಎಂದು ಗೊಣಗುವವರಿಗೆ ಲೆಕ್ಕವಿಲ್ಲ.

ಎಸ್‌ಎಂಪಿಎಸ್ ಯಾವುದಾದರೂ ನಡೆಯುತ್ತದಲ್ಲವೇ?

ನಡೆಯುವುದಿಲ್ಲ. ಇಡೀ ಕಂಪ್ಯೂಟರಿನಲ್ಲಿ ಕೆಟ್ಟಾಗ ಪಕ್ಕದ ಭಾಗಗಳನ್ನೂ ಜೊತೆಗೆ ಕರೆದೊಯ್ಯಬಲ್ಲದ್ದು ಇದೊಂದೇ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್‌ಗಳ ಮೇಲಿನ ವಾಟ್ ಸಂಖ್ಯೆಯನ್ನು ನಾನು ನಂಬುವುದಿಲ್ಲ. ‘80 ಪ್ಲಸ್’ ಮುದ್ರೆಯಿದ್ದರೆ ಗೊತ್ತುಪಡಿಸಿದ ಹೊರೆಗಳಲ್ಲಿ ಅದು ಶೇಕಡ 80ರಷ್ಟಾದರೂ ದಕ್ಷತೆ ತೋರಿಸಿದೆ ಎಂದರ್ಥ. ಅದು ಗುಣಮಟ್ಟದ ಪೂರ್ಣ ಪ್ರಮಾಣಪತ್ರವಲ್ಲ, ಆದರೂ ಮೊದಲ ಜರಡಿಯಾಗಿ ಪರವಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಒಳ್ಳೆಯ 450 ವಾಟ್‌ನದು ಬೇಕಾದಷ್ಟಾಯಿತು.

ಎರಡು ಎಚ್ಚರಿಕೆ. ಕೇಬಲ್ ಬಿಚ್ಚಿ ಹಾಕುವಂಥ ಮಾಡ್ಯುಲರ್ ಬಗೆಯದಾದರೆ ಒಂದರ ಕೇಬಲನ್ನು ಇನ್ನೊಂದಕ್ಕೆ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿದ್ದು ಡಿಸ್ಕ್ ಸುಟ್ಟುಹೋಗಬಹುದು. ಹಾಗೆಯೇ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಡೆಸ್ಕ್‌ಟಾಪಿನಲ್ಲಿ ನೀವು ತೆರೆಯಲೇಬಾರದ ಮುಚ್ಚಳ ಅದು.

ಯುಪಿಎಸ್ ಬೇಕೇ? ಎಷ್ಟರದು?

ಕರೆಂಟ್ ಆಗಾಗ ಹೋಗುವ ಮನೆಯಲ್ಲಿ ಬೇಕೇ ಬೇಕು. ಅದರ ಕೆಲಸ ನಿಮ್ಮನ್ನು ಒಂದು ಗಂಟೆ ಕೂರಿಸುವುದಲ್ಲ. ಬರೆದದ್ದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚಲು ಹತ್ತು ನಿಮಿಷ ಕೊಡುವುದು.

ಯುಪಿಎಸ್ ಮೇಲೆ ದೊಡ್ಡದಾಗಿ ಬರೆದಿರುವುದು ವಿಎ (ವೋಲ್ಟ್-ಆಂಪಿಯರ್), ನಿಮಗೆ ಬೇಕಾದದ್ದು ವಾಟ್. ಮನೆಬಳಕೆಯ ಚಿಕ್ಕ ಯುಪಿಎಸ್‌ಗಳಲ್ಲಿ 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್. ಕಚೇರಿ ಬಗೆಯ ಕಂಪ್ಯೂಟರ್ ಮತ್ತು ಮಾನಿಟರಿಗೆ ಇದು ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ ಮೇಲೆ ನೋಡಿ. ಜೊತೆಗೆ ಅದು ಕೊಡುವ ವಿದ್ಯುತ್ತಿನ ಅಲೆಯ ಆಕಾರವನ್ನೂ ವಿಚಾರಿಸಿ: ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುತ್ತದೆ, ಕೆಲವು ಆಧುನಿಕ ಎಸ್‌ಎಂಪಿಎಸ್‌ಗಳು ಅದಕ್ಕೆ ಒಗ್ಗದೆ ಆರಿಹೋಗುತ್ತವೆ. ಶುದ್ಧ ಸೈನ್ ಅಲೆಯದ್ದಾದರೆ ಆ ತಕರಾರಿಲ್ಲ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಬೇಡಿ. ಶಾಯಿಪುಡಿ ಕರಗಿಸಲು ಅದರೊಳಗಿನ ರೋಲರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ವಿದ್ಯುತ್ತಿಗೆ ಚಿಕ್ಕ ಯುಪಿಎಸ್ ಕುಸಿಯುತ್ತದೆ. ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆಮೇಲೆ ಬ್ಯಾಟರಿ ಮಾತ್ರ ಬದಲಿಸಿದರಾಯಿತು. ಇನ್ನು ಅರ್ಥಿಂಗ್: ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಅರ್ಥಿಂಗ್ ಸರಿಯಿಲ್ಲದ್ದರ ಗುರುತು. ಅದಕ್ಕೆ ಕಂಪ್ಯೂಟರ್ ರಿಪೇರಿಯವರನ್ನಲ್ಲ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಮಾನಿಟರ್ ಎಷ್ಟು ದೊಡ್ಡದಿರಬೇಕು?

24 ಇಂಚಿಗೆ 1920×1080 ಚುಕ್ಕಿಗಳು (ಪಿಕ್ಸೆಲ್) ಹೊಂದುತ್ತವೆ. 27 ಇಂಚಿಗೆ ಹೋದರೆ 2560×1440 ಇರಲಿ, ಇಲ್ಲದಿದ್ದರೆ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಕಂಪ್ಯೂಟರ್ ಎರಡು ಸಲ ಬದಲಾದರೂ ಮಾನಿಟರ್ ಅದೇ ಉಳಿಯಬಹುದು. ಆದ್ದರಿಂದ ಪ್ರೊಸೆಸರಿನಲ್ಲಿ ಉಳಿಸಿದ ಹಣವನ್ನು ಇಲ್ಲಿ ಹಾಕಿ.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ದೂರ ಚಾಚಿದ ತೋಳಿನಷ್ಟು. ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಪರದೆ ದಿಟ್ಟಿಸುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಿ ಎನ್ನುವುದು ಇದಕ್ಕೇ. ನೀಲಿ ಬೆಳಕು ತಡೆಯುವ ಕನ್ನಡಕಕ್ಕಿಂತ ಇದು ಉಪಯುಕ್ತ, ಖರ್ಚೂ ಇಲ್ಲ.

ಕ್ಯಾಬಿನೆಟ್ ಎಲ್ಲಿಡಬೇಕು? ಧೂಳು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು?

ಮೇಜಿನ ಕೆಳಗಿನ ಬಾಗಿಲು ಮುಚ್ಚಿದ ಗೂಡು, ಪೀಠೋಪಕರಣ ಮಾಡುವವರು ಕಂಪ್ಯೂಟರಿಗೆಂದೇ ಬಿಟ್ಟಿರುವ ಆ ಜಾಗ, ಕಂಪ್ಯೂಟರಿಗೆ ಅತ್ಯಂತ ಕೆಟ್ಟದ್ದು. ಹಿಂದಿನಿಂದ ಹೊರಬಂದ ಬಿಸಿಗಾಳಿಯನ್ನೇ ಮುಂದಿನಿಂದ ಮತ್ತೆ ಒಳಗೆಳೆದುಕೊಳ್ಳುತ್ತದೆ. ಹಿಂಬದಿಗೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ಇಡುವುದಾದರೆ ಚಿಕ್ಕ ಮಣೆ ಹಾಕಿ. ಗುಡಿಸುವ ಧೂಳು, ಒರೆಸುವ ನೀರು ಎರಡರಿಂದಲೂ ದೂರವಿರುತ್ತದೆ.

ಧೂಳು ತೆಗೆಯಲು ಮುಹೂರ್ತ ಬೇಕಿಲ್ಲ. ಜಾಲರಿಯಲ್ಲಿ ಧೂಳಿನ ಪದರ ಕಂಡಾಗ, ಫ್ಯಾನಿನ ಸದ್ದು ಮೊದಲಿಗಿಂತ ಏರಿದಾಗ ತೆಗೆಯಿರಿ. ಸಾಮಾನ್ಯ ಮನೆಯಲ್ಲಿ ಆರು ತಿಂಗಳಿಗೊಮ್ಮೆ. ಮೊದಲು ಮುಚ್ಚಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟನ್ನು ಬಾಲ್ಕನಿಗೋ ಅಂಗಳಕ್ಕೋ ಒಯ್ದು ಬ್ಲೋವರ್ ಅಥವಾ ಒತ್ತಡದ ಗಾಳಿಯ ಡಬ್ಬಿಯಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ; ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಬೋರ್ಡಿನ ಹತ್ತಿರ ತರಬೇಡಿ, ಅದರ ಕೊಳವೆಯಲ್ಲಿ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟುವುದೂ ಇದೇ ಕಾರಣಕ್ಕೆ.

ಧೂಳು ತೆಗೆದ ಮೇಲೂ ಪ್ರೊಸೆಸರ್ ಬಿಸಿಯಾಗುತ್ತಿದ್ದರೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಕೆಳಗೆ ಬಿಸಿ ಸಾಗಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಪೂರ್ತಿ ಒರೆಸಿ, ಬಟಾಣಿ ಕಾಳಿಗಿಂತ ತುಸು ಚಿಕ್ಕ ಹನಿ ಹಾಕಿ ಕೂರಿಸಿ.

ದಿನವೂ ಆಫ್ ಮಾಡಬೇಕೇ? ಶಟ್ ಡೌನ್ ಮಾಡಿದರೂ ಹಳೆಯ ತೊಂದರೆ ಏಕೆ ಉಳಿಯುತ್ತದೆ?

ರಾತ್ರಿ ಆಫ್ ಮಾಡಿ, ಹಗಲಿನ ಬಿಡುವಿನಲ್ಲಿ ಸ್ಲೀಪ್ ಸಾಕು. ಆನ್ ಆಫ್ ಮಾಡಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಭಯ ಬೇಡ.

ಎರಡನೆಯ ಪ್ರಶ್ನೆ ಸ್ವಾರಸ್ಯದ್ದು. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ಶಟ್ ಡೌನ್ ಒತ್ತಿದಾಗ ವಿಂಡೋಸ್ ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಅದನ್ನೇ ಓದಿಕೊಂಡು ಏಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ‘ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕರೆಂಟ್ ಬಿಲ್ ಏರುತ್ತದೆಯೇ?

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಮತ್ತು ಮಾನಿಟರ್ ಕೂಡಿ ಸುಮಾರು 80 ವಾಟ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆಗೆ 0.4 ಯೂನಿಟ್, ಮೂವತ್ತು ದಿನಕ್ಕೆ 12 ಯೂನಿಟ್. ಆಟದ ಕಂಪ್ಯೂಟರ್ ಆಡುವ ಹೊತ್ತಿನಲ್ಲಿ 400 ವಾಟ್ ದಾಟಬಹುದು, ಅದರ ಲೆಕ್ಕ ಐದು ಪಟ್ಟು.

ಬರಬರುತ್ತಾ ನಿಧಾನವಾಗಿದೆ. ಹೊಸದು ಕೊಳ್ಳಬೇಕೇ?

ತಡೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿಧಾನವಾದ ಹೊತ್ತಿನಲ್ಲೇ ಅದನ್ನು ನೋಡಿ. ಡಿಸ್ಕ್ ಸಾಲಿನಲ್ಲಿ ಸದಾ ಶೇಕಡ 100 ಇದ್ದು ನಿಮ್ಮಲ್ಲಿರುವುದು ಹಾರ್ಡ್ ಡಿಸ್ಕ್ ಆದರೆ ಮದ್ದು ಎಸ್‌ಎಸ್‌ಡಿ. ಮೆಮೊರಿ 90 ದಾಟಿದ್ದರೆ ಇನ್ನೊಂದು ರ್‍ಯಾಮ್ ಪಟ್ಟಿ. ಸಿಪಿಯು (ಪ್ರೊಸೆಸರ್) 100 ಇದ್ದರೆ ಯಾವ ಪ್ರೋಗ್ರಾಂ ತಿನ್ನುತ್ತಿದೆ ಎಂದು ಅಲ್ಲೇ ಹೆಸರು ಕಾಣುತ್ತದೆ. ಎಲ್ಲವೂ ಕಡಿಮೆ ಇದ್ದೂ ತೆವಳುತ್ತಿದ್ದರೆ ಬಿಸಿಯನ್ನು ಸಂಶಯಿಸಿ: ಬಹುತೇಕ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತವೆ.

ಅದೇ ಕಿಟಕಿಯಲ್ಲಿ ಸ್ಟಾರ್ಟಪ್ ಪಟ್ಟಿಯಿದೆ. ನೀವು ಕರೆಯದಿದ್ದರೂ ಬೆಳಿಗ್ಗೆ ಎದ್ದು ಬಾಗಿಲಲ್ಲಿ ನಿಲ್ಲುವ ಪ್ರೋಗ್ರಾಂಗಳೆಲ್ಲ ಅಲ್ಲಿ ಸಿಗುತ್ತವೆ, ಬೇಡದ್ದನ್ನು ತಡೆಯಿರಿ. ‘ವೇಗ ಹೆಚ್ಚಿಸುತ್ತೇವೆ, ರಿಜಿಸ್ಟ್ರಿ ತೊಳೆಯುತ್ತೇವೆ’ ಎನ್ನುವ ತಂತ್ರಾಂಶಗಳನ್ನು ಹಾಕಬೇಡಿ. ಅವುಗಳಿಂದ ಆಗುವ ಲಾಭ ನಾನಂತೂ ಕಂಡಿಲ್ಲ.

ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ. ಅಥವಾ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು.

ಇವೆರಡು ಬೇರೆ ಬೇರೆ ತೊಂದರೆಗಳು.

ಏನೂ ಆಗದಿದ್ದರೆ ಗೋಡೆಯಿಂದ ಶುರುಮಾಡಿ. ಆ ಪ್ಲಗ್ಗಿಗೆ ಬೇರೊಂದು ಉಪಕರಣ ಹಾಕಿ ನೋಡಿ. ಯುಪಿಎಸ್ ಬಿಟ್ಟು ನೇರ ಚುಚ್ಚಿ. ಎಸ್‌ಎಂಪಿಎಸ್ ಹಿಂದಿನ ಚಿಕ್ಕ ಸ್ವಿಚ್ ಆನ್ ಇದೆಯೇ ನೋಡಿ. ಗುಡಿಸುವಾಗ ಕೈ ತಗಲಿ ಆಫ್ ಆಗಿರುವುದು ಅಪರೂಪವಲ್ಲ. ಪವರ್ ಕೇಬಲ್ ಬದಲಿಸಿ. ಆಮೇಲೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚುಚ್ಚಿ ಪ್ರಯತ್ನಿಸಿ. ಇಷ್ಟಕ್ಕೂ ಅಲುಗದಿದ್ದರೆ ಎಸ್‌ಎಂಪಿಎಸ್ ಅಥವಾ ಪವರ್ ಗುಂಡಿಯ ತಂತಿ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಮೊದಲು ಮಾನಿಟರಿನ ಕೇಬಲ್, ಅದರ ಇನ್‌ಪುಟ್ ಆಯ್ಕೆ ನೋಡಿ. ಅನಂತರ ರ್‍ಯಾಮ್. ಪ್ಲಗ್ ಕಿತ್ತು, ಪಟ್ಟಿಗಳನ್ನು ಹೊರತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಒಂದೇ ಪಟ್ಟಿಯನ್ನು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಬಾರದಿದ್ದರೆ ಇನ್ನೊಂದು ಪಟ್ಟಿ, ಇನ್ನೊಂದು ಸ್ಲಾಟ್. ರಿಪೇರಿಗೆ ಹೊತ್ತೊಯ್ದ ಎಷ್ಟೋ ‘ಸತ್ತ’ ಕಂಪ್ಯೂಟರ್‌ಗಳು ಇಷ್ಟರಿಂದಲೇ ಎದ್ದು ಕೂರುತ್ತವೆ. ಬೋರ್ಡಿನ ಮೇಲೆ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿದ್ದರೆ ಯಾವುದು ಹೊತ್ತಿಕೊಂಡೇ ಉಳಿದಿದೆಯೋ ತೊಂದರೆ ಅಲ್ಲಿದೆ.

ಹೊಚ್ಚ ಹೊಸ ಡಿಡಿಆರ್5 ಕಂಪ್ಯೂಟರ್ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಅದು ರ್‍ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಆಫ್ ಮಾಡಬೇಡಿ.

ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದೆ, ವೆಬ್‌ಸೈಟ್‌ಗಳೆಲ್ಲ ‘ಸುರಕ್ಷಿತವಲ್ಲ’ ಎನ್ನುತ್ತಿವೆ. ವೈರಸ್ಸೇ?

ಅಲ್ಲ, ಮದರ್‌ಬೋರ್ಡಿನ ಸೆಲ್ ಮುಗಿದಿದೆ. ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ ಅದು, ಕೆಲವು ಗಡಿಯಾರ, ರಿಮೋಟ್‌ಗಳಲ್ಲೂ ಇರುತ್ತದೆ. ಗಡಿಯಾರ ತಪ್ಪಿದರೆ ವೆಬ್‌ಸೈಟ್‌ಗಳ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಬ್ರೌಸರ್ ತಡೆಯುತ್ತದೆ. ಹೊಸ ಸೆಲ್ ಹಾಕಿ ದಿನಾಂಕ ಸರಿಪಡಿಸಿ.

ವೈರ್‌ಲೆಸ್ ಮೌಸ್ ತಡೆತಡೆದು ಓಡುತ್ತದೆ, ಏಕೆ?

ಅದರ ಪುಟ್ಟ ರಿಸೀವರನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯ ಪಕ್ಕ ಚುಚ್ಚಿದ್ದೀರಾ ನೋಡಿ. ಆ ಕಿಂಡಿಯಲ್ಲಿ ಡಿಸ್ಕ್ ಕೆಲಸ ಮಾಡುವಾಗ ಹುಟ್ಟುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬರುತ್ತದೆ, ಮೌಸ್ ಮಾತನಾಡುವುದೂ ಅಲ್ಲೇ. ರಿಸೀವರನ್ನು ಮುಂಭಾಗದ ಕಿಂಡಿಗೆ ಅಥವಾ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲಿಗೆ ಹಾಕಿ.

ಇಂಟರ್ನೆಟ್‌ಗೆ ವೈಫೈ ಸಾಕೇ?

ಕದಲದ ಯಂತ್ರಕ್ಕೆ ಕೇಬಲ್ಲೇ ವಾಸಿ. ಕ್ಯಾಟ್ 5ಇ ಎಂಬ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗ ಕೊಡುತ್ತದೆ. ವೈಫೈಯೇ ಗತಿಯಾದರೆ ಆಂಟೆನಾ ಲೋಹದ ಕ್ಯಾಬಿನೆಟ್ಟಿನ ಹಿಂದೆ ಅವಿತಿರದಂತೆ ಮೇಲೆ ತನ್ನಿ.

ಆ್ಯಂಟಿವೈರಸ್ ಕೊಳ್ಳಬೇಕೇ?

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು, ಅಪ್‌ಡೇಟ್ ನಿಲ್ಲಿಸದಿದ್ದರೆ. ಕಳ್ಳ ಈಗ ಹೆಚ್ಚಾಗಿ ನಿಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾನೆ: ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪಗೆ ಕಾಣುವ ಪುಟ, ಪರದೆ ಹಂಚಿಕೊಳ್ಳುವ ತಂತ್ರಾಂಶ ಹಾಕಿಸುವ ಕರೆ. ಯಾವ ಕಂಪನಿಯೂ ಹೀಗೆ ಕರೆ ಮಾಡುವುದಿಲ್ಲ. ಕದ್ದ ವಿಂಡೋಸ್, ಕದ್ದ ತಂತ್ರಾಂಶಗಳ ‘ಕ್ರ್ಯಾಕ್’ ಕಡತ ಓಡಿಸುವಾಗ ಆ್ಯಂಟಿವೈರಸ್ ಆಫ್ ಮಾಡಲು ಹೇಳುತ್ತಾರಲ್ಲ, ಏಕೆಂದು ಯೋಚಿಸಿ.

ವಿಂಡೋಸ್ 10 ಇರುವ ಹಳೆಯ ಯಂತ್ರವನ್ನು ಏನು ಮಾಡಲಿ?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಓಡುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಬಿರುಕುಗಳಿಗೆ ತಾನಾಗಿ ತೇಪೆ ಬರುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಏರ್ಪಾಡು) ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಿಂದ ಮುಂದಿನವು. ‘ಟಿಪಿಎಂ ಇಲ್ಲ’ ಎಂದು ಬಂದರೆ ಬಯೋಸ್ (ವಿಂಡೋಸ್ ಏಳುವ ಮುನ್ನ ಓಡುವ ಬೋರ್ಡಿನದೇ ತಂತ್ರಾಂಶ) ಒಳಗೆ ಹೋಗಿ ನೋಡಿ, ಎಷ್ಟೋ ಬೋರ್ಡ್‌ಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ.

ನಿಜವಾಗಿಯೂ ಆಗದ ಯಂತ್ರಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ಪೆನ್ ಡ್ರೈವಿನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಅನುಸ್ಥಾಪಿಸಬಹುದು. ಬ್ರೌಸರ್, ಲಿಬ್ರೆ ಆಫೀಸ್ (ಉಚಿತ ಕಚೇರಿ ತಂತ್ರಾಂಶ) ಇಷ್ಟರಲ್ಲಿ ಕೆಲಸ ಮುಗಿಯುವವರಿಗೆ ಕೊರತೆಯೆನಿಸದು. ವಿಂಡೋಸ್‌ಗೆಂದೇ ಬರೆದ ಲೆಕ್ಕಪತ್ರದ ತಂತ್ರಾಂಶ ಬೇಕೇ ಬೇಕು ಎನ್ನುವವರಿಗೆ ಇದು ದಾರಿಯಲ್ಲ.

ಮನೆಯವರೆಲ್ಲ ಒಂದೇ ಕಂಪ್ಯೂಟರ್ ಬಳಸುವಾಗ?

ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿ. ಅಡ್ಮಿನಿಸ್ಟ್ರೇಟರ್ ಖಾತೆ ಒಂದೇ ಇರಲಿ, ಅದನ್ನು ದಿನನಿತ್ಯ ಬಳಸಬೇಡಿ. ನೀವೂ ಸಾಮಾನ್ಯ ಖಾತೆಯಲ್ಲೇ ಕೂರಿ. ಮಕ್ಕಳ ವಿಷಯದಲ್ಲಿ ನಿಗಾ ತಂತ್ರಾಂಶಕ್ಕಿಂತ ಪರದೆ ನಡುಮನೆಯ ಕಡೆಗೆ ಮುಖ ಮಾಡಿರುವುದು ಹೆಚ್ಚು ಕೆಲಸ ಮಾಡುತ್ತದೆ.

ಬ್ಯಾಕಪ್ ಹೇಗೆ ಇಟ್ಟುಕೊಳ್ಳಲಿ?

ಮೇಲೆ ಹೇಳಿದ ಭಾಗಗಳೆಲ್ಲ ಅಂಗಡಿಯಲ್ಲಿ ಮತ್ತೆ ಸಿಗುತ್ತವೆ, ಡಿಸ್ಕಿನಲ್ಲಿರುವ ಫೋಟೊ ಸಿಗುವುದಿಲ್ಲ. ಹಳೆಯ ಸೂತ್ರ 3-2-1: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿರುವುದು ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಮೂರನೆಯದು ಕ್ಲೌಡ್‌ನಲ್ಲೋ ನೆಂಟರ ಮನೆಯ ಬೀರುವಿನಲ್ಲೋ.

ಹೊರಗಿನ ಡಿಸ್ಕನ್ನು ಬ್ಯಾಕಪ್ ಮುಗಿದ ಕೂಡಲೇ ಕಿತ್ತಿಡಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಒಳನುಗ್ಗಿದರೆ ಚುಚ್ಚಿಟ್ಟಿರುವ ಎಲ್ಲ ಡಿಸ್ಕಿಗೂ ಅದು ಕೈ ಹಾಕುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದ ಸಿಂಕ್ ಸೇವೆಯೊಂದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ ಕೆಲವು ದಿನ ಮಾತ್ರ ಉಳಿಯುತ್ತದೆ. ಬ್ಯಾಕಪ್ಪಿನಿಂದ ಆಗಾಗ ಒಂದೆರಡು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ವಿಂಡೋಸ್ 11ರ ಅನೇಕ ಯಂತ್ರಗಳಲ್ಲಿ ಡಿಸ್ಕ್ ಗೂಢಲಿಪೀಕರಣ (ಬಿಟ್‌ಲಾಕರ್) ತಾನಾಗಿಯೇ ಆನ್ ಆಗಿರುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ ಅಥವಾ ಬಯೋಸ್ ತಿದ್ದಿದಾಗ 48 ಅಂಕೆಗಳ ಬಿಟ್‌ಲಾಕರ್ ಕೀಲಿ ಕೇಳಬಹುದು. ಅದನ್ನು ಇಂದೇ ಹುಡುಕಿ ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ನಿಮ್ಮ ಡಿಸ್ಕನ್ನು ಯಾರೂ ತೆರೆಯಲಾರರು, ನೀವೂ.

ಹಳೆಯದನ್ನು ಮಾರುವ, ಕೊಡುವ ಮುನ್ನ ಏನು ಮಾಡಬೇಕು?

ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಪುಸ್ತಕದ ಪರಿವಿಡಿ ಹರಿದ ಹಾಗೆ, ಒಳಪುಟಗಳು ಅಲ್ಲೇ ಇರುತ್ತವೆ. ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವ್ ಸ್ವಚ್ಛಗೊಳಿಸುವ ಆಯ್ಕೆಯನ್ನೂ ಆನ್ ಮಾಡಿ. ಬ್ಯಾಂಕ್ ಕಾಗದಪತ್ರ ಇದ್ದ ಡಿಸ್ಕ್ ಆದರೆ ನಾನು ಅದನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡುತ್ತೇನೆ.

ಯಾರೂ ಕೊಳ್ಳದಷ್ಟು ಹಳೆಯದಾದರೂ ಪೂರ್ತಿ ಎಸೆಯಬೇಡಿ. ಮಾನಿಟರ್, ಕೀಬೋರ್ಡ್, ಕ್ಯಾಬಿನೆಟ್ ಮುಂದಿನದಕ್ಕೆ ಬರುತ್ತವೆ. ಒಳಗಿನ 3.5 ಇಂಚಿನ ಹಾರ್ಡ್ ಡಿಸ್ಕ್ ಸರಿಯಿದ್ದರೆ, ಅದಕ್ಕೊಂದು ಯುಎಸ್‌ಬಿ ಡಬ್ಬಿ ಹಾಕಿದರೆ ಬ್ಯಾಕಪ್ ಡಿಸ್ಕ್ ಸಿದ್ಧ. ಆ ಡಬ್ಬಿಗೆ ಪ್ರತ್ಯೇಕ ಪವರ್ ಅಡಾಪ್ಟರ್ ಇರಬೇಕು, ಯುಎಸ್‌ಬಿ ಕಿಂಡಿಯ 5 ವೋಲ್ಟ್ ಮಾತ್ರದಿಂದ ಅದು ತಿರುಗುವುದಿಲ್ಲ. ಉಳಿದ ಬೋರ್ಡ್, ಯುಪಿಎಸ್ ಬ್ಯಾಟರಿಗಳಲ್ಲಿ ಸೀಸದಂಥ ಲೋಹಗಳಿರುತ್ತವೆ. ಅವನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.